ಬೂದಿಯಲ್ಲಿ ತಿಕ್ಕಿದ ಕನ್ನಡಕ

"ಏನ್ ಹಚ್ಚಿ ತಿಕ್ಕೀರಿ ಅಮ್ಮಾ ಇದನ್ನ?"

ಕೇಳಿದ್ದು ಕಣ್ಣಿನ ಡಾಕ್ಟರು. ಹುಬ್ಬಳ್ಳಿ ಕಡೆಯವರು, ವಾರಕ್ಕೊಮ್ಮೆ ಶಿರಸಿಗೆ ಬರುತ್ತಾರೆ. ನನ್ನ ಕನ್ನಡಕವನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದಿದ್ದರು.

ತಲೆ ತಗ್ಗಿಸಿ ಹೇಳಿದೆ: "ಬೂದಿ."

"ಬೂದಿ?"

"ಹುಣಸೆಹಣ್ಣು, ಬೂದಿ. ಎರಡೂ."

ಡಾಕ್ಟರು ನಕ್ಕರು. ನರ್ಸ್ ನಕ್ಕಳು. ಪಕ್ಕದಲ್ಲಿ ಕೂತಿದ್ದ ನನ್ನ ಮಗ ಗಣಪತಿಯೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಮೊಮ್ಮಕ್ಕಳೇ, ಈ ವಾರ ನಿಮ್ಮನ್ನು ನಗಿಸಲು ಬರೆಯುತ್ತಿಲ್ಲ. ಪ್ರತಿ ಸಲ ಈ ಅಂಕಣದಲ್ಲಿ ಹಪ್ಪಳ, ಹಾಡು, ಒಗಟು ಎಂದು ಬರೆಯುವ ಅಜ್ಜಿಗೆ ಸಿಟ್ಟೂ ಬರುತ್ತದೆ. ಅದೂ ನಿಮಗೆ ಗೊತ್ತಿರಲಿ.

ನಡೆದದ್ದು ಹೀಗೆ.

ಏಳು ತಿಂಗಳ ಹಿಂದೆ, ನಿಮ್ಮ ಅಜ್ಜನ ತಿಥಿಗೆ ಎರಡು ದಿನ ಇದೆ ಎನ್ನುವಾಗ, ನನಗೆ ಹೊಸ ಕನ್ನಡಕ ಬಂತು. ಬಿದ್ದು ಒಡೆದ ಹಳೆಯದು ದಪ್ಪ ಗಾಜಿನದು, ಮೂಗಿನ ಮೇಲೆ ಕಲ್ಲು ಹೇರಿದಂತೆ. ಹೊಸದು ಫೈಬರ್, ಹಗುರ. "ಬಿದ್ರೂ ಒಡೆಯೂದಿಲ್ರಿ" ಎಂದ ಅಂಗಡಿಯವನು. ಒಡೆಯುವುದಿಲ್ಲ, ಸರಿ. ಗೀರು ಬೀಳುತ್ತದೆ ಎಂದು ಹೇಳಿದನೇ? ಇಲ್ಲ. ಡಬ್ಬಿಯೊಳಗೆ ಅಂಗೈಯಗಲದ ಹಳದಿ ಬಟ್ಟೆಯೊಂದಿತ್ತು. ಅದು ಯಾವುದಕ್ಕೆ ಎಂದಾದರೂ ಹೇಳಿದನೇ? ಅದೂ ಇಲ್ಲ. (ಮೊಮ್ಮಗಳು ಸುಮಾ ಅದನ್ನು ತನ್ನ ಗೊಂಬೆಗೆ ಉಡಿಸಿದಳು.)

ತಿಥಿಯ ದಿನ ಮಿಂದು, ಮಡಿ ಉಟ್ಟು ಅಡುಗೆಮನೆಯ ಹೊಸ್ತಿಲಿಗೆ ಬಂದೆ. ಒಳಗಿದ್ದ ಮಂಚಿಕೇರಿ ಅತ್ತಿಗೆ ಕೈ ಅಡ್ಡ ಹಿಡಿದರು. (ನಿಮ್ಮ ಅಜ್ಜನ ಅಕ್ಕ. ಮಡಿಯ ವಿಷಯದಲ್ಲಿ ನಮ್ಮ ಮನೆಯ ಹೈಕೋರ್ಟು.)

"ಕಣ್ಣಿಗೆ ಎಂತ ಹಾಕ್ಯಂಡು ಬಂದೆ ಮಾರಾಯ್ತಿ?"

"ಕನ್ನಡಕ, ಅತ್ತಿಗೆ. ಹೊಸದು."

"ಹೊಸದಾದ್ರೆ ಮಡಿ ಆಗೋತ? ಅಂಗಡಿಯಂವ ಮುಟ್ಟಿದ್ದು, ಪೇಟೆ ತಿರುಗಿದ್ದು. ತಿಕ್ಕಿ ತೊಳೆಯದ್ದೆ ಒಳಗೆ ಬರಡ."

ಕನ್ನಡಕ ತೆಗೆದಿಟ್ಟು ಒಳಗೆ ಹೋಗಲೇ? ಸಾಸಿವೆ ಯಾವುದು, ಎಳ್ಳು ಯಾವುದು ಎಂದು ಕಾಣಬೇಡವೇ? ಬಚ್ಚಲಿಗೆ ಹೋದೆ. ದೇವರ ತಂಬಿಗೆ, ಹರಿವಾಣ ತಿಕ್ಕಲೆಂದು ಹುಣಸೆಹಣ್ಣು, ಬಚ್ಚಲೊಲೆಯ ಬೂದಿ, ತೆಂಗಿನ ನಾರು ಎಲ್ಲ ಸಿದ್ಧವಾಗಿದ್ದವು. ತಂಬಿಗೆ ತಿಕ್ಕಿದ ಕೈಯಲ್ಲೇ ಕನ್ನಡಕವನ್ನೂ ತಿಕ್ಕಿದೆ.

ಹೌದು, ನಾನೇ ತಿಕ್ಕಿದೆ. ಅದು ನನ್ನ ದಡ್ಡತನ, ಯಾರ ತಲೆಗೂ ಕಟ್ಟುವುದಿಲ್ಲ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಬಚ್ಚಲು ಸೇರಿದವಳಿಗೆ ಏನನ್ನಾದರೂ ಚೊಕ್ಕ ಮಾಡುವ ದಾರಿ ಅದೊಂದೇ ಗೊತ್ತಿತ್ತು.

ಆದರೆ ಕೇಳಿ. ಅದೇ ದಿನ ಮಣೆಯ ಮೇಲೆ ಕೂತ ಭಟ್ಟರ ಮೂಗಿನ ಮೇಲೂ ಕನ್ನಡಕ ಇತ್ತು. ನನ್ನ ಮೈದುನನಿಗೂ ಇತ್ತು. ಭಟ್ಟರದ್ದಂತೂ ಎಕ್ಕಂಬಿಯಿಂದ ಬಸ್ಸಿನಲ್ಲೇ ಬಂದದ್ದು. ಅವರನ್ನು ಅತ್ತಿಗೆ ತಡೆದರೇ? ಭಟ್ಟರು ತಮ್ಮ ಕನ್ನಡಕಕ್ಕೆ ತಾವೇ ಒಂದು ಹನಿ ನೀರು ಚಿಮುಕಿಸಿಕೊಂಡರು, ಮುಗಿಯಿತು. ಗಂಡಸರ ಕನ್ನಡಕಕ್ಕೆ ಹನಿ ನೀರು, ಹೆಂಗಸರ ಕನ್ನಡಕಕ್ಕೆ ಬೂದಿ. ಈ ಶಾಸ್ತ್ರ ಯಾವ ಪುಸ್ತಕದಲ್ಲಿದೆ? ತೆಗೆದು ಓದೋಣವೆಂದರೆ ಕಣ್ಣು ಕಾಣಬೇಕಲ್ಲ!

ಮರುದಿನದಿಂದ ಎಲ್ಲವೂ ಮಂಜು. ಮಂಜು ಕಂಡಾಗಲೆಲ್ಲ ಸೆರಗಿನಲ್ಲಿ ಒರೆಸಿದೆ. ಒರೆಸಿದಷ್ಟೂ ಮಂಜು ಹೆಚ್ಚಿತು. ಕೆಟ್ಟದ್ದು ಕನ್ನಡಕ ಎಂದು ನನಗೂ ಹೊಳೆಯಲಿಲ್ಲ. ಹೊಸದಲ್ಲವೇ? ಹೊಸದು ಕೆಡುತ್ತದೆಯೇ?

ಮನೆಯಲ್ಲಿ ಎಲ್ಲರೂ ಡಾಕ್ಟರಾದರು. "ಪೊರೆ ಬೈಂದು ಆಯಿ. ವಯಸ್ಸಾತಲೆ" ಎಂದ ಗಣಪತಿ. "ಶುಗರ್ ಇದ್ದಿಕ್ಕು" ಎಂದಳು ಪಕ್ಕದ ಮನೆಯಾಕೆ. ಅತ್ತಿಗೆ ಮಂಚಿಕೇರಿಯಿಂದ ಫೋನ್ ಮಾಡಿ, "ಓದಿ ಓದಿ ಕಣ್ಣು ಕಳ್ಕಂಡೆ. ಈ ವಯಸ್ಸಲ್ಲಿ ಯಾವ ಪರೀಕ್ಷೆ ಪಾಸಾಗಕಾಯ್ದು ನಿಂಗೆ?" ಎಂದರು.

ಎಲ್ಲವನ್ನೂ ಕೇಳಿಸಿಕೊಂಡೆ. ಒಂದನ್ನು ಮಾತ್ರ ಸಹಿಸಲು ಆಗಲಿಲ್ಲ.

ಸುಮಾಗೆ ಎರಡನೇ ಕ್ಲಾಸು. ದಿನಾ ಸಂಜೆ ಅವಳ ಕನ್ನಡ ಪುಸ್ತಕ ನಮ್ಮಿಬ್ಬರ ಮಡಿಲಲ್ಲಿ. ಅರ್ಧ ಅವಳ ಮಡಿಲು, ಅರ್ಧ ನನ್ನದು. ಅವಳು ಬೆರಳಿಟ್ಟು ಓದುವುದು, ನಾನು ತಿದ್ದುವುದು. ಇಡೀ ದಿನದಲ್ಲಿ ಈ ಮನೆಯ ಒಬ್ಬರು ನನ್ನನ್ನು "ಇದು ಎಂತ ಅಜ್ಜಿ?" ಎಂದು ಕೇಳುತ್ತಿದ್ದ ಹೊತ್ತು ಅದೊಂದೇ. ತಿಥಿ ಕಳೆದು ಹದಿನೈದು ದಿನವೂ ಆಗಿರಲಿಲ್ಲ, ಒಂದು ಸಂಜೆ ಸುಮಾ ಓದುತ್ತ ಒಂದು ಸಾಲು ಹಾರಿಸಿದಳು. ನನಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆ ಗೀತಾಗೆ ಗೊತ್ತಾಯಿತು.

"ನಿಮಗೆ ಎಂತಕ್ಕೆ ತ್ರಾಸು ಅತ್ತೆ? ಇವಳನ್ನ ಟ್ಯೂಶನ್ನಿಗೆ ಕಳಿಸ್ತೆ."

ಬೈಯಲಿಲ್ಲ. ಒಳ್ಳೆಯ ಮಾತಿನಲ್ಲೇ ಹೇಳಿದಳು. ಒಳ್ಳೆಯ ಮಾತಿನಲ್ಲಿ ಕಿತ್ತುಕೊಂಡರೆ ಜಗಳ ಮಾಡಲಿಕ್ಕೂ ಬರುವುದಿಲ್ಲ, ನೋಡಿ. ಸೋಮವಾರದಿಂದ ಸುಮಾಳ ಚೀಲ ಹಿಂದಿನ ಓಣಿಯ ಟೀಚರ್ ಮನೆಗೆ ಹೊರಟಿತು. ವಾಪಸ್ಸು ಬಂದವಳಿಗೆ ಊಟ, ನಿದ್ದೆ. ಅಜ್ಜಿ ಯಾರಿಗೆ ಬೇಕು?

ಕಳೆದ ವಾರ ಡಾಕ್ಟರ ಹತ್ತಿರ ಹೋದದ್ದು ಪೊರೆಯ ಆಪರೇಶನ್ನಿಗೆ ದಿನ ಗೊತ್ತುಮಾಡಲು. ಡಾಕ್ಟರು ಕಣ್ಣಿಗೆ ಹನಿ ಹಾಕಿದರು, ಬೆಳಕು ಬಿಟ್ಟು ನೋಡಿದರು. ಆಮೇಲೆಯೇ ಕನ್ನಡಕ ಎತ್ತಿ ಬೂದಿಯ ಕಥೆ ಕೇಳಿದ್ದು, ನಕ್ಕದ್ದು. ಕೊನೆಗೆ ಹೇಳಿದರು: "ಪೊರಿ-ಗಿರಿ ಏನೂ ಇಲ್ಲರಿ. ನಿಮ್ಮ ಕಣ್ಣು ಛಲೋ ಅದಾವ. ಕನ್ನಡಕ ಸತ್ತದ."

ಏಳು ತಿಂಗಳು! ನನ್ನ ಕಣ್ಣಿನ ಬಗ್ಗೆ ಮಾತಾಡದವರಿಲ್ಲ. ಕನ್ನಡಕವನ್ನು ಎತ್ತಿ ನೋಡಿದವರು ಒಬ್ಬರೂ ಇಲ್ಲ. ಮುದುಕಿಯ ಸಾಮಾನು ಕೆಟ್ಟಿರಬಹುದು ಎಂದು ಯಾರಿಗೂ ಅನಿಸುವುದಿಲ್ಲ. ಕೆಟ್ಟದ್ದು ಮುದುಕಿಯೇ ಎಂದು ಮೊದಲೇ ತೀರ್ಮಾನವಾಗಿರುತ್ತದೆ.

"ಹೋಗ್ಲಿ ಬಿಡೆ ಆಯಿ. ಆಪರೇಶನ್ ತಪ್ಪಿತಲೆ, ಖುಷಿ ಪಡು" ಎಂದ ಗಣಪತಿ, ದಾರಿಯಲ್ಲಿ. ಖುಷಿ ಪಟ್ಟೆ. ಆದರೆ "ಹೋಗಲಿ ಬಿಡು" ಎನ್ನಬೇಕಾದವರು ಕಳೆದುಕೊಂಡವರಲ್ಲವೇ? ಅದನ್ನೂ ಅವನೇ ಹೇಳಿಬಿಟ್ಟ!

ಇರಲಿ. ಕನ್ನಡಕ ತೊಳೆಯುವ ಕ್ರಮವನ್ನು ಡಾಕ್ಟರು ಎರಡೇ ನಿಮಿಷದಲ್ಲಿ ಹೇಳಿದರು. (ಅಂಗಡಿಯವನಿಗೆ ಆ ಎರಡು ನಿಮಿಷ ಇರಲಿಲ್ಲ.) ಮೊದಲು ತಣ್ಣೀರು ಬಿಡಿ, ಧೂಳು ಹೋಗಲಿ. ಒಣ ಧೂಳಿರುವಾಗಲೇ ಒರೆಸಿದರೆ ಅದು ಮರಳು ಕಾಗದದ ಕೆಲಸ ಮಾಡುತ್ತದೆ. ಆಮೇಲೆ ಬೆರಳಿಗೆ ಚೂರು ಸೋಪಿನ ನೊರೆ ತೆಗೆದುಕೊಂಡು ಎರಡೂ ಕಡೆ ಮೆಲ್ಲಗೆ ಸವರಿ. ಮೂಗಿನ ಮೇಲೆ ಕೂರುವ ಜಾಗದಲ್ಲಿ ಜಿಡ್ಡು ಕಟ್ಟಿರುತ್ತದೆ, ಅದನ್ನು ಮರೆಯಬೇಡಿ. ಮತ್ತೆ ನೀರು. ಒಗೆದು ಒಗೆದು ಮೆತ್ತಗಾದ ಹತ್ತಿಬಟ್ಟೆಯಲ್ಲಿ ಹಗುರಾಗಿ ಒರೆಸಿ. ಬಿಸಿನೀರು ಬೇಡ. ಹಲ್ಲಿನ ಪೇಸ್ಟು ಬೇಡ, ಪಾತ್ರೆ ಪೌಡರ್ ಬೇಡ. ಸೆರಗಂತೂ ಬೇಡವೇ ಬೇಡ: ಅದರಲ್ಲಿ ಒಗ್ಗರಣೆಯ ಎಣ್ಣೆಯಿಂದ ಹಿಡಿದು ಹಿಟ್ಟಿನವರೆಗೆ ಏನುಂಟು ಏನಿಲ್ಲ! ಇಡುವಾಗ ಗಾಜು ಕೆಳಗಾಗಿ ಇಡಬೇಡಿ.

ಇಷ್ಟೇ. ಇಷ್ಟು ಗೊತ್ತಿದ್ದರೆ ನನ್ನ ಏಳು ತಿಂಗಳ ಸಂಜೆ ಉಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಅಜ್ಜಿಗೆ "ಕಾಣುವುದಿಲ್ಲ" ಎನ್ನುತ್ತಿದ್ದಾರೆಯೇ? ಹಾಗಿದ್ದರೆ ಈ ಪೇಪರ್ ಕೆಳಗಿಟ್ಟು ಹೋಗಿ, ಅವರ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ. ಈಗಲೇ.

ಗುರುವಾರ ನನ್ನ ಹೊಸ ಕನ್ನಡಕ ಬಂತು. ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರವನ್ನೂ ನಿಂತಲ್ಲಿಂದಲೇ ಓದಿದೆ. ಸೀದಾ ಗೀತಾಳ ಹತ್ತಿರ ಹೋದೆ.

"ಸೋಮವಾರದಿಂದ ಸುಮಾನ್ನ ಆನೇ ಓದಿಸ್ತೆ." ನಾನೇ, ಟೀಚರ್ ಅಲ್ಲ.

ಗೀತಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನಡುವೆ ಬಿಡಿಸಿದ್ರೆ ಟೀಚರ್ ಬೇಜಾರು ಮಾಡ್ಕತ್ತ ಅತ್ತೆ. ಈ ವರ್ಷ ಹಿಂಗೇ ಹೋಗ್ಲಿ."

ಬೇರೆ ದಿನವಾಗಿದ್ದರೆ ಹೂಂಗುಟ್ಟಿ ಒಳಗೆ ಹೋಗುತ್ತಿದ್ದೆ. ಅವತ್ತು ಕಾಲು ಏಳಲಿಲ್ಲ.

"ಟೀಚರ್ ಹತ್ರ ಆನೇ ಹೋಗಿ ಹೇಳಿಕ್ಕಿ ಬರ್ತೆ" ಎಂದೆ.

ಗಣಪತಿ ಓದುತ್ತಿದ್ದ ಪೇಪರ್ ಕೆಳಗಿಳಿಸಿದ. "ನೀನ? ನೀ ಒಬ್ಳೇ ಯಾರ ಮನೆಗೂ ಹೋಪವ್ಳಲ್ಲ. ಎಂತ ಹೇಳ್ತೆ ಅವ್ರಿಗೆ?"

"ಕಣ್ಣು ಕಾಣ್ತು ಹೇಳ್ತೆ."

"ಬೇಜಾರು ಮಾಡ್ಕಂಡ್ರೆ?"

ಮಾಡಿಕೊಳ್ಳಲಿ. ಈ ಏಳು ತಿಂಗಳು ಮನೆಮಂದಿಯೆಲ್ಲರ ಪಾಲಿನ ಬೇಜಾರನ್ನೂ ನಾನೊಬ್ಬಳೇ ಮಾಡಿಕೊಂಡಿದ್ದೇನೆ. ಇನ್ನು ನಾಲ್ಕು ದಿನ ಬೇರೆ ಯಾರಾದರೂ ಮಾಡಿಕೊಂಡರೆ ತಪ್ಪೇನು?