ಉಳ್ಳಾಗಡ್ಡಿ ಸಿಪ್ಪೆಯಷ್ಟು ಸಂದು

ಕಾಕಾ ಒಂಬತ್ತು ಬೆರಳುಗಳ ಉಗುರನ್ನು ವಾರಕ್ಕೊಮ್ಮೆ ತಪ್ಪದೆ ಕತ್ತರಿಸುತ್ತಿದ್ದರು. ಬಲಗೈ ಹೆಬ್ಬೆರಳಿನದನ್ನು ಮಾತ್ರ ಬಿಡುತ್ತಿದ್ದರು. ಎಣ್ಣೆ ಕುಡಿದು ಕುಡಿದು ಅದು ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಬಂದೂಕಿನ ನಳಿಗೆಯ ಹಿಂಬಾಯಿಗೆ ಆ ಉಗುರನ್ನು ಇಟ್ಟು ಒಂದು ಸುತ್ತು ಎಳೆದರೆ ಸಾಕು, ಎಲ್ಲಿ ನಯವಾಗಿದೆ, ಎಲ್ಲಿ ಇನ್ನೂ ತರಿ ಉಳಿದಿದೆ ಎಂದು ಹೇಳಿಬಿಡುತ್ತಿದ್ದರು. ಕನ್ನಡಕ ಹಾಕಿಕೊಂಡು ನೋಡಬಾರದೇ ಎಂದು ಕೇಳಿದರೆ, "ಕಣ್ಣು ಒಮ್ಮೊಮ್ಮೆ ಸುಳ್ಳು ಹೇಳತಾವ್ರಿ ಮಾಸ್ತರ, ಉಗರು ಹೇಳಾಂಗಿಲ್ಲ" ಎನ್ನುತ್ತಿದ್ದರು.

ಬೆಟಗೇರಿಯ ಒಂದು ಓಣಿಯಲ್ಲಿ, ಮಗ್ಗದ ಮನೆಗಳ ನಡುವೆ ಅವರ ಬಂದೂಕು ರಿಪೇರಿ ಅಂಗಡಿ. ಓಣಿಗೂ ಗಿರಾಕಿಗಳಿಗೂ ಅವರು ಕಾಕಾ. ಗೋಡೆಗೆ ಸರಕಾರದ ಲೈಸನ್ಸು, ಅದರ ಪಕ್ಕದಲ್ಲಿ ಬಸವಣ್ಣನ ಫೋಟೋ, ಕೆಳಗೆ ಒಂದು ಹಳೆಯ ಲೇಥು. ಎಲೆಕ್ಷನ್ ಬಂತೆಂದರೆ ಊರೂರಿನ ಬಂದೂಕುಗಳೆಲ್ಲ ಪೊಲೀಸ್ ಠಾಣೆಗೆ ಜಮಾ ಆಗುತ್ತವಲ್ಲ, ಮುಗಿದ ಮೇಲೆ ಅವು ತುಕ್ಕು ಹಿಡಿದು ವಾಪಸು ಬರುತ್ತವೆ. ಆಗ ಶಿರಹಟ್ಟಿ, ಲಕ್ಷ್ಮೇಶ್ವರ, ಅಡರಕಟ್ಟಿಯ ರೈತರೆಲ್ಲ ಕಾಕಾನ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಎಲೆಕ್ಷನ್ನಿನಲ್ಲಿ ಯಾರು ಗೆದ್ದರೂ ಕಾಕಾ ಗೆದ್ದಂತೆಯೇ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

ನಾನು ಮುಂಡರಗಿಯಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ. ಊರು ಹಮ್ಮಿಗಿ. ನಮ್ಮಪ್ಪ ಮತ್ತು ದೊಡ್ಡಪ್ಪ ಪ್ರಾಯದಲ್ಲಿ ಜೊತೆಯಾಗಿ ಒಂದೇ ನಮೂನೆಯ ಎರಡು ರೈಫಲ್ ಕೊಂಡಿದ್ದರು, ಬೆಳೆಗೆ ಬೀಳುವ ಹಂದಿಗಳನ್ನು ಬೆದರಿಸಲಿಕ್ಕೆ. ಅಪ್ಪ ತೀರಿಕೊಂಡ ಮೇಲೆ ಅವರದು ನನ್ನ ಹೆಸರಿಗೆ ಬಂತು. ಹೊಳೆಯ ತಂಪಿಗೆ ಎರಡರ ನಳಿಗೆಯೂ ಒಳಗೊಳಗೇ ತಿಂದುಹೋಗಿದ್ದವು. ಕಚೇರಿಯ ಪರವಾನಗಿ ಕಾಗದ ಹಿಡಿದು, ಹೊಸ ನಳಿಗೆ ಕೂಡಿಸಲು ಎರಡನ್ನೂ ಕಾಕಾನ ಹತ್ತಿರ ಒಯ್ದವನು ನಾನೇ.

ನಳಿಗೆಯ ಹಿಂಭಾಗದಲ್ಲಿ ತೋಟಾ ಕೂಡುವ ಜಾಗವನ್ನು ಕಾಕಾ 'ತೋಟಾದ ಮನಿ' ಎನ್ನುತ್ತಿದ್ದರು. ಅದನ್ನು ಕೊರೆಯುವುದೇ ಅವರ ನಿಜವಾದ ವಿದ್ಯೆ. ಲೇಥಿನ ಕೆಲಸ ಮುಗಿದ ಮೇಲೆ ಕೊನೆಯ ಕೊರೆತವನ್ನು ಕೈಯಿಂದಲೇ ಮಾಡುತ್ತಿದ್ದರು. ಕೊರೆಯುವ ಉಳಿಯನ್ನು ಎರಡು ಸುತ್ತು ತಿರುಗಿಸುವುದು, ಹೊರಗೆ ತೆಗೆಯುವುದು, ಹಳೇ ಧೋತರದ ಚಿಂದಿಯಿಂದ ಒರೆಸುವುದು, ಗೇಜು ಇಟ್ಟು ನೋಡುವುದು, ಮತ್ತೆ ಎರಡು ಸುತ್ತು. ಅವರ ಹತ್ತಿರ ಎರಡು ಉಕ್ಕಿನ ಗೇಜುಗಳಿದ್ದವು, ತೋಟಾದ ಆಕಾರದ ಅಳತೆ ತುಂಡುಗಳು. ಒಂದನ್ನು ಇಟ್ಟರೆ ಬೋಲ್ಟು, ಅಂದರೆ ಆ ಮನೆಯ ಬಾಗಿಲು, ಮುಚ್ಚಲೇಬೇಕು, ಇನ್ನೊಂದನ್ನು ಇಟ್ಟರೆ ಮುಚ್ಚಲೇಬಾರದು. ಮೊದಲನೆಯದಕ್ಕೆ 'ಹೂಂ' ಎಂದೂ ಎರಡನೆಯದಕ್ಕೆ 'ಊಹೂಂ' ಎಂದೂ ಹೆಸರಿಟ್ಟಿದ್ದರು. ಎರಡರ ನಡುವಿನ ಫರಕು ಉಳ್ಳಾಗಡ್ಡಿ ಸಿಪ್ಪೆಯಷ್ಟು.

"ಸಂದು ಇಲ್ಲಂದ್ರ ಬಾಗಲಾನ ಹಾಕೋದಿಲ್ಲ. ಸಂದು ಭಾಳ ಆತಂದ್ರ ತೋಟಾ ಸೀಳತೈತಿ, ಬೆಂಕಿ ಹಿಂದ ಬರತೈತಿ, ಹೊಡದಾವನ ಮಾರಿಗೇ."

ರಜೆಯ ದಿನ ನಾನು ಹೋಗಿ ಎದುರು ಕೂತಿರುತ್ತಿದ್ದೆ. ಒಂದು ಮಧ್ಯಾಹ್ನವಿಡೀ ನೋಡಿದರೂ ಕೆಲಸ ಮುಂದೆ ಹೋದಂತೆ ಕಾಣುತ್ತಿರಲಿಲ್ಲ. ಇಷ್ಟು ಹೊತ್ತಿನಲ್ಲಿ ನನ್ನ ಹುಡುಗರು ಹತ್ತನೇ ಇಯತ್ತೆ ಪಾಸಾಗಿ ಹೋಗುತ್ತಾರೆ ಎಂದು ಕಾಡಿಸಿದರೆ, ತಲೆ ಎತ್ತದೆ, ಪಾಸಾದವರಿಗೆಲ್ಲ ಲೆಕ್ಕ ಬರುತ್ತದೆಯೇ ಎಂದು ಕೇಳಿದರು.

ಬಂದೂಕುಗಳನ್ನು ಕೊಡುವಾಗ ಒಂದರ ನಳಿಗೆಗೂ ಬೋಲ್ಟಿಗೂ ಒಂದೊಂದು ಚುಕ್ಕಿ ಹೊಡೆದು ಕೊಟ್ಟರು. ಇನ್ನೊಂದಕ್ಕೆ ಎರಡೆರಡು ಚುಕ್ಕಿ. ಒಂದು ಚುಕ್ಕಿ ದೊಡ್ಡಪ್ಪನ ಮನೆಯದು, ಎರಡು ಚುಕ್ಕಿ ನಮ್ಮದು. ನೋಡಲಿಕ್ಕೆ ಎರಡೂ ಬೋಲ್ಟು ಅವಳಿ ಜವಳಿ. ಆದರೆ ಪ್ರತಿ ತೋಟಾದ ಮನೆಯನ್ನೂ ಅದರದರ ಬೋಲ್ಟಿಗೆ ಕೂಡಿಸಿಯೇ ಅವರು ಕೊರೆದಿದ್ದರು.

"ನಳಿಗಿ, ಬೋಲ್ಟು ಅಂದ್ರ ಗಂಡ ಹೆಂಡ್ತಿ ಇದ್ದಂಗ್ರಿ. ಇವ್ರನ್ನ ಅವ್ರ ಮನಿಗೆ, ಅವ್ರನ್ನ ಇವ್ರ ಮನಿಗೆ ಕಳಿಸಿ ಸಂಸಾರ ಮಾಡಸಬ್ಯಾಡ್ರಿ" ಎಂದರು. ನಾನು ನಕ್ಕೆ. ಆ ಮಾತನ್ನು ನಗಲಿಕ್ಕಷ್ಟೇ ಇಟ್ಟುಕೊಂಡೆ.

ನಮ್ಮ ಎರಡು ಮನೆಗಳ ನಡುವೆ ಹೊಳೆಸಾಲಿನ ಹೊಲದ ಪಾಲಿಗಾಗಿ ಹನ್ನೆರಡು ವರ್ಷ ಮಾತಿರಲಿಲ್ಲ. ಅದು ಬಗೆಹರಿದ ಮೇಲೆಯೇ ನಾನು ಎರಡೂ ಬಂದೂಕು ಒಯ್ದದ್ದು. ಅದೇ ವರ್ಷ ದಸರೆಯ ಖಂಡೇ ಪೂಜೆಯನ್ನು ದೊಡ್ಡಪ್ಪನ ಪಡಸಾಲೆಯಲ್ಲಿ ಕೂಡಿಯೇ ಮಾಡಿದೆವು. ಕುಡಗೋಲು, ಕೊಡಲಿ, ರಂಟೆಯ ಕುಳ, ಪಂಪಿನ ಪಾನಾ ಎಲ್ಲ ಸಾಲಾಗಿ ಇಟ್ಟರು. ಎರಡೂ ರೈಫಲ್‌ಗಳ ಬೋಲ್ಟು ಬಿಚ್ಚಿ, ಒರೆಸಿ, ಒಂದೇ ಪರಾತದಲ್ಲಿ ಇಟ್ಟವನು ನಾನು. ದೊಡ್ಡವ್ವ ಇಬತ್ತಿ, ಕುಂಕುಮವನ್ನು ಕೈ ಬಿಚ್ಚಿ ಮೆತ್ತಿದಳು. ಊಟಕ್ಕೆ ಕರೆಯುತ್ತಿದ್ದರು, ಹೋಳಿಗೆ ಆರುತ್ತಿತ್ತು. ಹನ್ನೆರಡು ವರ್ಷದ ಮೇಲೆ ಆ ಪಡಸಾಲೆಯಲ್ಲಿ ಉಣ್ಣುವ ಸಂಭ್ರಮದಲ್ಲಿ ಬೋಲ್ಟುಗಳನ್ನು ಎತ್ತಿ ಕೈಗೆ ಬಂದ ಹಾಗೆ ಹಾಕಿಬಿಟ್ಟೆ. ಚುಕ್ಕಿಯ ಮೇಲೆ ಕುಂಕುಮ ಕೂತಿತ್ತು. ತೋಟಾ ಇಲ್ಲದ ಖಾಲಿ ಬಂದೂಕಿನಲ್ಲಿ ಯಾವ ಬೋಲ್ಟಾದರೂ ಸಲೀಸಾಗಿ ಮುಚ್ಚುತ್ತದೆ.

ವಾರದೊಳಗೆ ಒಂದು ಸಂಜೆ ಗೋವಿನಜೋಳಕ್ಕೆ ಹಂದಿಯ ಹಿಂಡು ನುಗ್ಗಿತು. ದೊಡ್ಡಪ್ಪನ ಮಗ, ನನ್ನ ಅಣ್ಣ, ಬೆದರಿಸಲಿಕ್ಕೆಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದ. ತೋಟಾದ ಬುಡ ಸೀಳಿ ಬೆಂಕಿ ಹಿಂದಕ್ಕೆ ಬಂತು. ಹಿತ್ತಾಳೆಯ ಚೂರು ಕೆನ್ನೆಯನ್ನು ಸೀಳಿ ಕಣ್ಣಿನ ಕೆಳಗೆ ನಿಂತಿತ್ತು. ಗದಗಿನ ಡಾಕ್ಟರರು ಕಣ್ಣು ಉಳಿಯಿತು ಎಂದು ಹೇಳುವವರೆಗೆ ನಾವ್ಯಾರೂ ನೀರು ಕುಡಿದಿರಲಿಲ್ಲ.

ಆಸ್ಪತ್ರೆಯಿಂದ ದೊಡ್ಡಪ್ಪ ನೆಟ್ಟಗೆ ಬೆಟಗೇರಿಗೆ ಹೋದರು, ರೈಫಲ್ ಹಿಡಿದು ನಾನು ಹಿಂದೆ. ಕಟ್ಟೆಯ ಮೇಲೆ ನಾಲ್ಕೈದು ಜನ ಗಿರಾಕಿಗಳಿದ್ದರು. ಕಾಕಾ ಮೊದಲು ಹುಡುಗ ಹೇಗಿದ್ದಾನೆಂದು ಕೇಳಿದರು, ಆಮೇಲೆ ಗೇಜು ತೆಗೆದರು. 'ಊಹೂಂ' ಇಟ್ಟು ಬೋಲ್ಟು ಒತ್ತಿದರು. ಮುಚ್ಚಲೇಬಾರದ ಬೋಲ್ಟು ಸರಾಗವಾಗಿ ಮುಚ್ಚಿತು. ಬೋಲ್ಟನ್ನು ಹೊರಗೆ ಎಳೆದು, ಮಗುಚಿ, ಒಣಗಿದ ಕುಂಕುಮವನ್ನು ಅದೇ ಹೆಬ್ಬೆರಳಿನ ಉಗುರಿನಿಂದ ಕೆರೆದರು. ಅಲ್ಲಿ ಎರಡು ಚುಕ್ಕಿ ಇದ್ದವು.

ಅವರು ನನ್ನ ಮುಖ ನೋಡಿದರು. ನನಗೂ ಆಗಲೇ ತಿಳಿಯಿತು.

"ನಿನ್ನ ಕಣ್ಣು ಹೋಗ್ಯಾವ. ನನ್ನ ಮಗನ ಕಣ್ಣೂ ತಗೀತಿದ್ದಿ" ಎಂದರು ದೊಡ್ಡಪ್ಪ, ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ.

ಕಾಕಾ ಇನ್ನೂ ನನ್ನನ್ನೇ ನೋಡುತ್ತಿದ್ದರು. ಬೋಲ್ಟು ಬದಲಿಸಿದವನು ನಾನು ಎಂದು ಹೇಳಲಿಕ್ಕೆ ಎಷ್ಟು ಹೊತ್ತು ಬೇಕು? ಆದರೆ ಹನ್ನೆರಡು ವರ್ಷದ ಜಗಳ ಈಗಷ್ಟೇ ಆರಿತ್ತು. ಬೇಕೆಂದೇ ಮಾಡಿದ ಎಂದು ದೊಡ್ಡಪ್ಪ ತಿಳಿದರೆ ಏನು ಗತಿ? ನಾನು ನೆಲ ನೋಡಿದೆ. ಕಾಕಾ ಹೇಳಿದರು: "ಬಂದೂಕು ಇಲ್ಲೇ ಬಿಡ್ರಿ ಗೌಡ್ರ. ಮಾಸ್ತರ, ನಿಮ್ಮದೂ ತಂದು ಕೊಡ್ರಿ, ಎರಡೂ ನೋಡತೀನಿ."

ಮರುದಿನ ನಾನೊಬ್ಬನೇ ಹೋದೆ. ಅವರು ಬೋಲ್ಟುಗಳನ್ನು ಅದಲು ಬದಲು ಮಾಡಿ, ಗೇಜು ಇಟ್ಟು ನೋಡಿ, ಎರಡನ್ನೂ ನನ್ನ ಮುಂದಿಟ್ಟರು. ಚಹಾ ತರಿಸಿದರು. ನಮ್ಮ ಮನೆಗಳ ಕಥೆ ಅವರಿಗೆ ಗೊತ್ತಿತ್ತು.

"ಹೇಳ್ರಿ ಅಂತ ನಾ ಅನ್ನಾಂಗಿಲ್ಲ, ಹೇಳಬ್ಯಾಡ್ರಿ ಅಂತಾನೂ ಅನ್ನಾಂಗಿಲ್ಲ" ಎಂದರು. "ಗೇಜು ನಿಮ್ಮ ಕೈಯಾಗ ಐತಿ."

ದೀಪಾವಳಿ ಆಗಲಿ, ಅಣ್ಣನ ಗಾಯ ಮಾಗಲಿ, ಹೇಳುತ್ತೇನೆ ಎಂದೆ. ದೀಪಾವಳಿ ಆಯಿತು, ಸಂಕ್ರಮಣ ಆಯಿತು, ಯುಗಾದಿಯೂ ಆಯಿತು. ಗಾಯ ಮಾಗಿ, ಕೆನ್ನೆಯ ಮೇಲೆ ಒಂದು ಗೆರೆ ಉಳಿಯಿತು. ನನ್ನ ಬಾಯಿ ಮಾತ್ರ ತೆರೆಯಲಿಲ್ಲ. ಆ ದಿನ ಕಟ್ಟೆಯ ಮೇಲಿದ್ದವರು ಸುಮ್ಮನಿರಲಿಲ್ಲ, ಸುದ್ದಿ ಊರೂರಿಗೆ ಹೋಯಿತು. ಮುಂದಿನ ಎಲೆಕ್ಷನ್ ಮುಗಿದಾಗ ಬಂದೂಕುಗಳೆಲ್ಲ ಹುಬ್ಬಳ್ಳಿಯ ದಾರಿ ಹಿಡಿದವು. ಕಾಕಾ ಆದರೂ ದಿನಾ ಅಂಗಡಿ ತೆರೆದು, ಗೇಜುಗಳಿಗೆ ಎಣ್ಣೆ ಸವರಿ ಕೂತಿರುತ್ತಿದ್ದರು. ಆ ಓಣಿಯ ತುದಿಯಲ್ಲಿ ನನ್ನ ಬಸ್ಸು ಹಾದು ಹೋಗುತ್ತಿತ್ತು. ನಾನು ಇನ್ನೊಂದು ಬದಿಯ ಕಿಟಕಿಗೆ ಕೂಡುವುದನ್ನು ರೂಢಿ ಮಾಡಿಕೊಂಡೆ. ಲೈಸನ್ಸಿನ ಅವಧಿ ಮುಗಿದಾಗ ಅವರು ಅದನ್ನು ಹೊಸದು ಮಾಡಿಸಲಿಲ್ಲ.

ಹೋದ ಮಾಗಿಯಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಕಾಕೂ, ಅವರ ಹೆಂಡತಿ, ನನ್ನನ್ನು ಬದಿಗೆ ಕರೆದು, ಕಡೆಯ ವಾರದಲ್ಲಿ ಅವರು ದಿನಾ ಒಂದೇ ಮಾತು ಕೇಳುತ್ತಿದ್ದರು ಎಂದಳು. "ಹಮ್ಮಿಗಿ ಗೌಡ್ರು ಬಂದಿದ್ರೇನು? ಅಂತ ಕೇಳಾವ್ರು. ಯಾಕ ಬರತಾರ ಅಂದ್ರ, ಮಾಸ್ತರ ಹೇಳಿರತಾರ, ಬರತಾರ ಅನ್ನಾವ್ರು." ಅದರ ಅರ್ಥ ಏನು ಎಂದು ಆ ತಾಯಿ ನನ್ನನ್ನೇ ಕೇಳಿದಳು.

ಅವಳಿಗೆ ಹೇಳಿದೆ. ಅಲ್ಲಿಂದ ಮನೆಗೆ ಹೋಗದೆ ಹಮ್ಮಿಗಿಗೆ ಹೋಗಿ, ಪಡಸಾಲೆಯಲ್ಲಿ ಅಣ್ಣನ ಎದುರಿಗೇ ದೊಡ್ಡಪ್ಪನಿಗೂ ಹೇಳಿದೆ. ಪರಾತ, ಕುಂಕುಮ, ಎರಡು ಚುಕ್ಕಿ, ಒಂದನ್ನೂ ಬಿಡಲಿಲ್ಲ. ಅಣ್ಣ ಕೆನ್ನೆಯ ಗೆರೆಯ ಮೇಲೆ ಕೈಯಾಡಿಸಿಕೊಳ್ಳುತ್ತ ಎದ್ದು ಹೊರಗೆ ಹೋದ. ದೊಡ್ಡಪ್ಪ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಅವತ್ತ ಹೇಳಿದ್ದರ ನಿನಗ ನಾಕು ಬೈತಿದ್ದೆ" ಎಂದರು. "ಅಷ್ಟ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವರು ಬೆಟಗೇರಿಗೆ ಹೊರಟರು, ಯಾರನ್ನೂ ಜೊತೆಗೆ ಕರೆಯಲಿಲ್ಲ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರಂತೆ. ಆ ನಾಕು ಬೈಗುಳಕ್ಕಾಗಿ ನಾನು ಇವತ್ತಿಗೂ ಕಾಯುತ್ತಿದ್ದೇನೆ. ದೊಡ್ಡಪ್ಪ ಬೈದಿಲ್ಲ.