ಹೆಲಿಕಾಪ್ಟರ್ ಎದ್ದರೆ ಹೆಂಡತಿ

ಮೊನ್ನೆ ನಮ್ಮ ಮೊಮ್ಮಗಳು ಸೈಕಲ್ ಕಲಿತಳು. ಹಿಂದೆ ಹಿಡಿದು ಓಡುತ್ತಿದ್ದ ನಾನು ಕೈ ಬಿಟ್ಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಮ್ಮೂರು ಸೊಕ್ಕೆಯ ಬಸ್ ನಿಲ್ಲುವ ಜಾಗದ ತನಕ ಹೋಗಿ, ಅಲ್ಲಿ ಒಂದು ಎಮ್ಮೆಗೆ ದಾರಿ ಬಿಡಲು ಹೋಗಿ ಬಿದ್ದು, ಮೊಣಕಾಲು ತರಚಿಕೊಂಡು ಎದ್ದು, "ಅಜ್ಜಾ, ನಾನು ಹಾರಿದೆ!" ಎಂದು ಕೂಗಿದಳು. ಆ ಸಂತೋಷವನ್ನು ಬರೆಯಲು ನಾನು ಓದಿದ ನಾಲ್ಕನೇ ಕ್ಲಾಸು ಸಾಲದು. ಓಣಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಹಂಚಿಬಿಟ್ಟೆ.

"ಸೈಕಲ್ ಕಲ್ತಿದ್ದಕ್ಕೇ ಹಿಂಗೆ. ಖರೇನೇ ಹಾರಿದ್ರೆ ಹೊಲ ಮಾರಿ ಹಂಚ್ತಿದ್ರೇನೋ" ಅಂದಳು ನನ್ನ ಹೆಂಡತಿ.

ಹಾರುವ ಮಾತನ್ನು ಆಕೆ ಎತ್ತಬಾರದಿತ್ತು. ನಮ್ಮ ಮನೆಯಲ್ಲಿ ಹಾರಿದವನು ನಾನೊಬ್ಬನೇ. ಹಾರಿಸಿದವರು ಆಕೆಯ ಅಪ್ಪ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮದುವೆಯಾಗಿ ಮೊದಲ ವರ್ಷ. ಪಂಚಮಿಗೆಂದು ತವರಿಗೆ ಹೋದ ಹೆಂಡತಿ ಸಾಸ್ವೆಹಳ್ಳಿಯಿಂದ ವಾಪಸು ಬಂದಿರಲಿಲ್ಲ. ದೀಪಾವಳಿಗೆ ಹೊಸ ಅಳಿಯನನ್ನು ಕರೆದರು. ಹಬ್ಬ ಮುಗಿಸಿ ಹೆಂಡತಿಯನ್ನು ಕರೆದುಕೊಂಡು ಬರೋಣವೆಂದು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹೋದೆ. ಹೊರಡುವ ಮಾತು ತೆಗೆದಾಗ ಮಾವ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಸೊಕ್ಕೆಯಿಂದ ಜಗಳೂರಿಗೆ ಸೈಕಲ್ ಮ್ಯಾಲೇ ಹೋಗ್ತೀರಂತೆ?"

"ಹೂಂ ರೀ. ಹಿಂದೆ ಜ್ವಾಳದ ಚೀಲಾನೂ ಇರ್ತೈತೆ."

"ಬೇಷ್. ಬರ್ರಿ ಇತ್ಲಾಗೆ."

ಹಿತ್ತಲಿನಲ್ಲಿ ಅದು ನಿಂತಿತ್ತು. ಕೆಳಗೆ ಸೈಕಲ್ಲಿನ ಸೀಟು, ಪೆಡಲು, ಚೈನು. ಮೇಲೆ ಕಣ ತುಂಬುವಷ್ಟು ಅಗಲದ ಒಂದು ಪಂಖ. ನಮ್ಮ ಮಾವನದು ಊರಿಗೆ ಒಂದೇ ಸೈಕಲ್ ಶಾಪು. ಹಿಂದಿನ ಚುನಾವಣೆಯಲ್ಲಿ ಯಾರೋ ದೊಡ್ಡವರು ಹೆಲಿಕಾಪ್ಟರಿನಲ್ಲಿ ಹೊನ್ನಾಳಿಗೆ ಬಂದಿಳಿದಾಗ ಊರೆಲ್ಲ ಅವರ ಮುಖ ನೋಡಿದರೆ ಇವರು ಮೇಲಿನ ಪಂಖ ನೋಡಿದ್ದರಂತೆ. "ಅದ್ರಾಗೇನೈತೆ? ಪಂಖ ತಿರುಗಿಸಿದ್ರೆ ಏಳ್ತೈತೆ. ಅವರು ಎಣ್ಣೆ ಹಾಕ್ತಾರೆ, ನಾವು ಕಾಲು ಹಾಕೋದು" ಎಂದು ಮನೆಗೆ ಬಂದವರು ಅವತ್ತಿನಿಂದ ಒಂದು ಪಂಕ್ಚರನ್ನೂ ನೆಟ್ಟಗೆ ಹಾಕಿರಲಿಲ್ಲ.

"ಯಂತ್ರ ನೆಲ ಬಿಡ್ಲಿ, ಅವತ್ತೇ ಮಗಳನ್ನ ಕಳಿಸ್ಕೊಡ್ತೀನಿ. ನನ್ನ ಮಾತು ಅಂದ್ರೆ ಮಾತು" ಅಂದರು.

ಹೆಣ್ಣು ನೋಡಲು ಹೋದ ದಿನ ಇವರು ನನ್ನನ್ನು ಅಂಗಳದಲ್ಲಿ ಅಷ್ಟು ಸಲ ಓಡಾಡಿಸಿದ್ದು ಯಾಕೆಂದು ಆಗ ಅರ್ಥವಾಯಿತು. ಜಾತಕ ನೋಡಿ ಹೆಣ್ಣು ಕೊಡುವವರನ್ನು ಕಂಡಿದ್ದೆ. ಕಾಲಿನ ಮೀನಖಂಡ ನೋಡಿ ಕೊಟ್ಟವರು ನಮ್ಮ ಮಾವ ಒಬ್ಬರೇ ಇರಬೇಕು. ಮಗಳನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ. ಆಕೆ ಒಲೆಯ ಮುಂದೆ ಕೂತು ಪಂಖಕ್ಕೆ ಬಳಿಯಲು ಹುಣಸೆ ಬೀಜದ ಅಂಟು ಕಾಯಿಸುತ್ತಿದ್ದಳು.

ಮೊದಲು ನ್ಯಾಮತಿಯಲ್ಲಿ ಕಬ್ಬಿಣದ ಪೈಪು ವೆಲ್ಡಿಂಗ್ ಮಾಡಿಸಿದ್ದರಂತೆ. ಅದನ್ನು ಗಾಡಿಯಿಂದ ಇಳಿಸಲು ಎಂಟು ಜನ ಬೇಕಾದರು. ಇಳಿಸಲಿಕ್ಕೇ ಆಗದ್ದು ಏರುವುದು ಹೇಗೆ ಎಂದು ಹೊಳೆದ ಮೇಲೆ ಕಬ್ಬಿಣ ಹೋಗಿ ಬಿದಿರು ಬಂತು. ಚನ್ನಗಿರಿ ಕಡೆಯಿಂದ ಅಡಿಕೆ ಮರದ ದಬ್ಬೆ ತರಿಸಿ ಸೀಳಿ, ರೆಕ್ಕೆ ಕಟ್ಟಿ, ಅದಕ್ಕೆ ತಮ್ಮ ಪಂಚೆಗಳನ್ನೇ ಹೊದಿಸಿ ಅಂಟಿಸಿದ್ದರು. ಅಡಿಯಲ್ಲಿ ಮೂರು ಪುಟ್ಟ ಗಾಲಿ. ಬುಡಕ್ಕೆ ಅಡ್ಡ ಬಿಗಿದ ಎರಡು ಉದ್ದನೆಯ ಬೊಂಬು.

ಮೊದಲನೇ ದಿನ ನಾನು ಹತ್ತಿ ಕೂತು ತುಳಿದೆ. ಪಂಖ ಬಲಕ್ಕೆ ತಿರುಗಿತು, ನಾನು ಸೀಟು ಸಮೇತ ಎಡಕ್ಕೆ ತಿರುಗಿದೆ. ಜೋರಾಗಿ ತುಳಿದಷ್ಟೂ ಜೋರಾಗಿ ತಿರುಗಿದೆ. ಮಾವನ ಮುಖ, ಬೇಲಿ, ಬಚ್ಚಲು, ಮತ್ತೆ ಮಾವನ ಮುಖ. ಬೇಲಿಯ ಆಚೆಯಿಂದ ಒಬ್ಬ, "ಯಜಮಾನ್ರೇ, ಅಳಿಯಂದ್ರು ಕಬ್ಬಿನ ಗಾಣ ಆಗ್ಯಾರೆ, ಒಂದೆರಡು ಜಲ್ಲೆ ಕೊಡ್ರೀ" ಅಂದ. ಇನ್ನೊಬ್ಬ, "ಸೂಳೆಕೆರೆ ಏರಿ ಮ್ಯಾಲಿಂದ ದಬ್ಬಿಬಿಡ್ರಿ, ಹಾರ್ತೈತೆ. ಹಾರದಿದ್ರೆ ಮೀನಿಗಾದ್ರೂ ಆಗ್ತೈತೆ" ಅಂದ. ನಾನು ಇಳಿದು ಎರಡು ಹೆಜ್ಜೆ ಇಟ್ಟು, ಮಧ್ಯಾಹ್ನದ ಊಟವನ್ನು ತುಳಸಿಕಟ್ಟೆಯ ಬುಡದಲ್ಲಿ ಕಕ್ಕಿದೆ.

ಮಾವ ಬೇಸರ ಮಾಡಿಕೊಳ್ಳಲಿಲ್ಲ. ಹಿಟ್ಟಿನ ಗಿರಣಿಗೆ ಹೋಗಿ ಒಂದು ಹೊತ್ತೆಲ್ಲ ಬೆಲ್ಟು ನೋಡುತ್ತಾ ನಿಂತು, ಮೈಯೆಲ್ಲ ಹಿಟ್ಟಾಗಿ ಬಂದರು. ಬೆಲ್ಟನ್ನು ನಡುವೆ ಅಡ್ಡ ಹೆಣೆದು ಹಾಕಿದರೆ ಆಚೆಯ ಚಕ್ರ ಉಲ್ಟಾ ತಿರುಗುತ್ತದೆ. ಮೇಲೊಂದು ಕೆಳಗೊಂದು ಪಂಖ ಇಟ್ಟು ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ತಿರುಗಿಸಿದರೆ ನಾನು ನೆಟ್ಟಗೆ ಕೂರುತ್ತೇನೆ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಮನೆಯಲ್ಲಿ ಉಳಿದಿದ್ದ ಪಂಚೆಗಳೂ ಹೋದವು. ಆಮೇಲೆ ಮಾವ ಹಗಲೆಲ್ಲ ಚಡ್ಡಿಯಲ್ಲೇ ಓಡಾಡಿದರು.

ಈಗ ನಾನು ತಿರುಗಲಿಲ್ಲ. ಏಳಲೂ ಇಲ್ಲ. ಹಿತ್ತಲಿನ ಧೂಳೆಲ್ಲ ಎದ್ದಿತು, ಕೋಳಿಗಳು ಎದ್ದವು, ನಾನು ಮಾತ್ರ ಕೂತೇ ಇದ್ದೆ.

"ತೂಕ ಜಾಸ್ತಿ ಆತು" ಅಂದರು ಮಾವ. ಚನ್ನಗಿರಿಯ ಅಡಿಕೆ ಮಂಡಿಗೆ ಕರೆದುಕೊಂಡು ಹೋಗಿ, ಮೂಟೆ ತೂಗುವ ತಕ್ಕಡಿಯಲ್ಲಿ ನನ್ನನ್ನು ಕೂರಿಸಿದರು. ಹಮಾಲರು, "ಯಾವ ಮಾಲು ಯಜಮಾನ್ರೇ, ರಾಶಿನೋ ಗೊರಬಲೋ?" ಎಂದು ಅಡಿಕೆಯ ದರ್ಜೆ ಕೇಳುವ ಹಾಗೆ ಕೇಳಿದರು. ಹಬ್ಬಕ್ಕೆ ಬಂದಾಗಿನಿಂದ ನಾನು ದಪ್ಪಗಾಗಿದ್ದು ನಿಜ. ಹೊಸ ಅಳಿಯನಿಗೆ ತುಪ್ಪ ಸುರಿಯದೆ ಅತ್ತೆ ಬಡಿಸುವವರಲ್ಲ, ಊರು ಆಡಿಕೊಳ್ಳುತ್ತದೆ. ಮಾವ ಮಜ್ಜಿಗೆ ಅನ್ನುವರು, ಅತ್ತೆ ಹೋಳಿಗೆ ಹಾಕುವರು. ಅತ್ತೆ ನನ್ನೊಡನೆ ನೇರ ಮಾತಾಡುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುವರು: "ಇನ್ನೊಂದು ಹಾಕೇ ಅವರಿಗೆ. ಏಳದಿದ್ರೆ ಬ್ಯಾಡ. ಅವರೇನು ಗಾಳಿಪಟ ಆಗಾಕೆ ಬಂದಾರೇನು?"

ಹೋಳಿಗೆ ತಿಂದರೆ ಹೆಂಡತಿ ಬರುವುದಿಲ್ಲ, ತಿನ್ನದಿದ್ದರೆ ಅತ್ತೆಗೆ ಅವಮಾನ. ಹೀಗೆ ಕಾರ್ತಿಕವೂ ಕಳೆಯಿತು. ಸೊಕ್ಕೆಯಲ್ಲಿ ನಮ್ಮವ್ವ, ಮಗನನ್ನು ಮನೆ ಅಳಿಯ ಮಾಡಿಕೊಂಡರು ಎಂದು ಎದೆ ಬಡಿದುಕೊಳ್ಳುತ್ತಿದ್ದಾಳೆಂಬ ಸುದ್ದಿ ಬಂತು. ಹೆಂಡತಿ ಅಂಟು ಬಳಿಯುತ್ತಲೇ ಮೆಲ್ಲಗೆ, "ಇನ್ನ ಜೋರು ತುಳೀರಿ" ಅಂದಳು. ಮದುವೆಯಾದ ಮೇಲೆ ಆಕೆ ನನ್ನನ್ನು ಬೇಡಿದ ಮೊದಲ ಮಾತು ಅದು.

ಕೊನೆಗೆ ಒಂದು ಸೋಮವಾರ ಮಾವ ಊರಿಗೆಲ್ಲ ಹೇಳಿ, ಗದ್ದೆ ಕೊಯ್ದ ಬಯಲಿಗೆ ಯಂತ್ರ ಹೊರಡಿಸಿದರು. ತುಳಿಯುವಾಗ ಅದು ತೂಗಾಡುತ್ತಿದ್ದರಿಂದ ಬೊಂಬುಗಳ ನಾಲ್ಕು ತುದಿಯನ್ನು ಅಲುಗಾಡದ ಹಾಗೆ ಹಿಡಿಯಲು ಗಟ್ಟಿ ಆಳು ಬೇಕಿತ್ತು. ಮಾವ ಹುಡುಕಿ ಹುಡುಕಿ, ಊರ ಬಸವಣ್ಣನ ಪಲ್ಲಕ್ಕಿ ಹೊರುವ ನಾಲ್ವರನ್ನೇ ಆರಿಸಿದರು. "ಬರೇ ಹಿಡ್ಕಂಡಿರ್ರಿ, ಎತ್ತಬ್ಯಾಡ್ರಿ" ಎಂದು ಎಚ್ಚರಿಕೆ ಹೇಳಿ, ಗಾಲಿಯ ಕೆಳಗೆ ಬೆಳಕು ಕಾಣುತ್ತದೋ ಎಂದು ನೋಡಲು ತಾವೇ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರು.

ನಾನು ತುಳಿದೆ. ಬೆವರು ಕಣ್ಣಿಗಿಳಿಯುವಂತೆ ತುಳಿದೆ. ಪಂಖಗಳೆರಡೂ ಪಟಪಟನೆ ಬಡಿದವು. ಆಗ ಹೆಂಗಸರ ಗುಂಪಿನಿಂದ ಅತ್ತೆ ಮುಂದೆ ಬಂದರು. ಕೈಯಲ್ಲಿ ಆರತಿ ತಟ್ಟೆ, ತೆಂಗಿನಕಾಯಿ. "ಪೂಜೆ ಇಲ್ದೆ ಯಾವ ಕೆಲಸ ಕೈಗೂಡ್ತೈತೆ?" ಎಂದವರೇ ಕಾಯಿ ಒಡೆದು ಆರತಿ ಎತ್ತಿದರು.

ಆರತಿ ಕಂಡ ಜನ ಸುಮ್ಮನಿರುತ್ತಾರೆಯೇ? "ಹರಹರ ಮಹಾದೇವ!"

ಅಪ್ಪನ ಕಾಲದಿಂದ ಆ ಕೂಗಿಗೆ ಎದ್ದು ರೂಢಿಯಾದ ಭುಜಗಳು. ನಾಲ್ವರೂ ಒಟ್ಟಿಗೆ ಬೊಂಬಿಗೆ ಭುಜ ಕೊಟ್ಟರು. ನಾನು ಎದ್ದೆ! ಎದ್ದಿದ್ದಷ್ಟೇ ಅಲ್ಲ, ಅವರ ಹೆಜ್ಜೆಯ ತಾಳಕ್ಕೆ ಸರಿಯಾಗಿ ಬಳುಕುತ್ತಾ ಬಸವಣ್ಣನ ಗುಡಿಯ ದಿಕ್ಕಿಗೆ ಹೊರಟೆ. ತುಳಿಯುವುದನ್ನು ಬಿಟ್ಟರೂ ಹೋಗುತ್ತಲೇ ಇದ್ದೆ. ಒಬ್ಬ ಮುದುಕಿ ಕೈ ಮುಗಿದೇಬಿಟ್ಟಳು. ನಾಲ್ವರಿಗೆ ಎಚ್ಚರ ಬಂದು ನನ್ನನ್ನು ಇಳಿಸುವ ಹೊತ್ತಿಗೆ ಊರು ನಕ್ಕು ನಕ್ಕು ಗದ್ದೆಯಲ್ಲೇ ಕೂತಿತ್ತು.

ಮಾವ ಕೆನ್ನೆಯ ಮಣ್ಣು ಒರೆಸಿಕೊಂಡು ಎದ್ದರು. ಅತ್ತೆ ಎಲ್ಲರ ಎದುರಿಗೇ ಕೇಳಿದರು, "ನೆಲ ಬಿಡ್ತೋ ಇಲ್ಲೋ? ಹೇಳ್ರಿ."

ನಗು ನಿಂತಿತು. ನನ್ನ ಹೆಂಡತಿ ಅಂಟಿನ ಕೈಯಲ್ಲಿ ಸೆರಗು ಹಿಡಿದು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಮಾವ ಮಗಳ ಕಡೆ ಒಮ್ಮೆ, ಬೊಂಬಿನ ಕಡೆ ಒಮ್ಮೆ ನೋಡಿದರು.

"ಬಿಡ್ತು" ಅಂದರು.

ಅವತ್ತೇ ಉಡಿ ತುಂಬಿದರು. ಬಸ್ ಹತ್ತಿ ಕೂತ ಮೇಲೆ ಮಾವ ಕಿಟಕಿಯ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, "ಅಳಿಯಂದ್ರೇ, ಅದು ಗುಡಿ ಕಡೀಗೇ ಯಾಕೆ ಹೊಂಟಿತ್ರೀ?" ಅಂದರು.

"ಗಾಳಿ ಆ ಕಡೀಗಿತ್ತು ಮಾವಾ."

"ಹೌದೌದು. ಗಾಳಿ" ಎಂದು ಚಡ್ಡಿ ಮೇಲೆಳೆದುಕೊಂಡು ನಿಂತರು. ಬಸ್ಸು ಹೊರಟಿತು. ಉಡಿಯ ಅಕ್ಕಿ ಚೆಲ್ಲುವಷ್ಟು ನಗುತ್ತಿದ್ದಳು ನನ್ನ ಹೆಂಡತಿ.