ಸವರಿ ಸಾಕಿದ ಮೆಣಸಿನಗಿಡ

ಬನಶಂಕರಿಯ ಪಲ್ಯದ ಹಬ್ಬದಂದು ತಾಯಿಗೆ ನೂರೆಂಟು ಬಗೆಯ ಕಾಯಿಪಲ್ಯಗಳ ನೈವೇದ್ಯ. ಅದರಲ್ಲಿ ಹಸಿಮೆಣಸಿನಕಾಯಿ ನಮ್ಮ ಮನೆಯದು. ಅಜ್ಜನ ಕಾಲದಿಂದ ಕಾದಿಟ್ಟ ಒಂದೇ ತಳಿಯ ಬೀಜವನ್ನು ಚೊಳಚಗುಡ್ಡದ ನಮ್ಮ ಹಿತ್ತಿಲಲ್ಲಿ ಬಿತ್ತಿ ಬೆಳೆಯುತ್ತಿದ್ದೆವು.

ತಂದೆಯವರು ಸಂಧ್ಯಾವಂದನೆ ಮುಗಿಸಿ, ಮಡಿಯಲ್ಲೇ ಹಿತ್ತಿಲಿಗೆ ಹೋಗಿ, ದೇವಿಯ ಅಷ್ಟೋತ್ತರದ ಒಂದೊಂದು ನಾಮಕ್ಕೆ ಒಂದೊಂದು ಗಿಡದ ಕುಡಿಯನ್ನು ಬೆರಳಿನಿಂದ ಸವರುತ್ತಿದ್ದರು. ನಡುವೆ ಒಂದು ಚಿಟಿಕೆ ನಸ್ಯ. ಶಾಸ್ತ್ರಕ್ಕೆ ಅಷ್ಟೊಂದು ಅಂಜುತ್ತಿದ್ದವರು ನಸ್ಯದ ವಿಷಯದಲ್ಲಿ ಮಾತ್ರ ಧೈರ್ಯವಂತರು.

ಐವತ್ತರ ದಶಕದ ನಡುವಿನ ಒಂದು ವರ್ಷ ಎಲೆಗಳ ಮೇಲೆ ಹಳದಿ ಮಚ್ಚೆಗಳು ಮೂಡಿದವು, ಕುಡಿಗಳು ಮುದುಡಿದವು. ತಂದೆಯವರು ಇನ್ನಷ್ಟು ಹೊತ್ತು ಸವರಿದರು. ಅವರು ನಡೆದ ಸಾಲಿನಲ್ಲೇ ರೋಗವೂ ನಡೆಯಿತು.

ದಸರೆಗೆ ಬಂದ ಸೋದರಮಾವ ಪುಣೆಯಲ್ಲಿ ಕೃಷಿವಿದ್ಯೆ ಕಲಿಯುತ್ತಿದ್ದರು. ಎಲೆಗಳನ್ನು ನೋಡಿ ನಕ್ಕರು.

“ಭಾವಾ, ದೇವಿ ಮುನಿದಿಲ್ರಿ. ನಿಮ್ಮ ನಸ್ಯದ ಡಬ್ಬಿ ಮುನಿಸಿಕೊಂಡದ. ತಂಬಾಕದಾಗಿನ ವಿಷಾಣು ಇದು.”

“ಪುಣೆಕ ಹೋಗಿ ನಾಸ್ತಿಕ ಆಗಿ ಬಂದ್ಯೇನೋ? ತೊಳದ ಕೈಲೆ ಮುಟ್ಟತೇನಿ ನಾ.”

“ಬರೇ ನೀರಿಗೆ ಅದು ಹೋಗೂದಿಲ್ರಿ. ಸಾಬಾಣ ಹಚ್ಚಿ ತೊಳೀರಿ. ರೋಗ ಬಂದ ಗಿಡ ಕಿತ್ತು ಸುಡ್ರಿ.”

“ದನದ ಚರಬಿ ಸಾಬಾಣದ ಕೈಲೆ ತಾಯಿ ಗಿಡ ಮುಟ್ಟಲ್ಯಾ?”

“ಸುಡೂದಾದರ ಆ ಡಬ್ಬಿ ಮೊದಲ ಸುಡ್ರಿ!” ಎಂದು ಅವ್ವ ಅಡಿಗೆಮನೆಯಿಂದಲೇ ಕೂಗಿದಳು.

ಮಾವ ತಗ್ಗಿದ ದನಿಯಲ್ಲಿ ಹೇಳಿದರು: “ಆ ವಿಷಾಣುಗ ತನ್ನದಂತ ಒಲಿ ಇಲ್ರಿ, ಅಡಿಗಿಯವರಿಲ್ಲ. ಗಿಡದೊಳಗ ಹೊಕ್ಕು, ಗಿಡದ ಅಡಿಗಿಯವರ ಕೈಲೇನ ತನ್ನಂಥಾವನ್ನ ಮಾಡಿಸ್ಕೋತದ.”

ಆ ಅಡಿಗೆಯವರು ಗಿಡದ ಪ್ರೋಟೀನುಗಳೆಂಬುದನ್ನು ನಾನು ಬಹುಕಾಲದ ಮೇಲೆ ಓದಿ ತಿಳಿದೆ. ಗಿಡ ಬೆಳೆಯುವುದಕ್ಕಾಗಿ ದುಡಿಯುವ ಪ್ರೋಟೀನುಗಳನ್ನೇ ವಿಷಾಣು ತನ್ನ ಸಂತತಿಗಾಗಿ ದುಡಿಸಿಕೊಳ್ಳುತ್ತದೆಯಂತೆ. ಕೋಶದಿಂದ ಕೋಶಕ್ಕೆ ದಾಟಲು ಗಿಡದ ಒಳದಾರಿಗಳನ್ನೇ ಹಿಗ್ಗಿಸುತ್ತದೆಯಂತೆ. ವಿಷಾಣುವಿನಿಂದ ತಪ್ಪಿಸಿಕೊಳ್ಳಲೆಂದು ಅವುಗಳನ್ನೆಲ್ಲ ತೊರೆದರೆ ಗಿಡ ಬದುಕುವುದು ಹೇಗೆ?

ದೇವಿಗೆ ಮೀಸಲಾದ ಗಿಡವನ್ನು ಕೀಳಲು ತಂದೆಯವರ ಮನಸ್ಸು ಒಪ್ಪಲಿಲ್ಲ. ಪುಷ್ಯಮಾಸದ ಹಬ್ಬದ ಹೊತ್ತಿಗೆ ಬಂದ ಕಾಯಿಗಳು ಸೊಟ್ಟ, ಮಚ್ಚೆ. ಊನವಾದದ್ದು ನೈವೇದ್ಯಕ್ಕೆ ಸಲ್ಲದು. ಆ ವರ್ಷ ನಮ್ಮ ಬುಟ್ಟಿ ಹೋಗಲಿಲ್ಲ.

ಮರುವರ್ಷ ಅವರು ನಸ್ಯ ಬಿಟ್ಟರು. ಸಾಬಾಣದಿಂದ ಕೈ ತೊಳೆದು, ಆ ಮೈಲಿಗೆಗಾಗಿ ಮತ್ತೆ ಸ್ನಾನ ಮಾಡಿ ಹಿತ್ತಿಲಿಗೆ ಹೋಗುತ್ತಿದ್ದರು. ಆದರೆ ಬೀಜ ಆ ಸೊಟ್ಟ ಕಾಯಿಗಳದೇ. ತಳಿಯ ಬೇರೆ ಬೀಜ ಯಾರಲ್ಲಿಯೂ ಉಳಿದಿರಲಿಲ್ಲ. ಬೀಜದ ಸಿಪ್ಪೆಯಲ್ಲೇ ರೋಗ ಕಾದು ಕುಳಿತಿತ್ತು. ಸಸಿಗಳ ಎಳೆಯ ಎಲೆಗಳಲ್ಲಿ ಮಚ್ಚೆ ಕಂಡ ದಿನ ತಂದೆಯವರು ಯಾರನ್ನೂ ಕರೆಯದೆ, ಎಲ್ಲವನ್ನೂ ತಾವೇ ಕಿತ್ತು ಸುಟ್ಟರು.

ಹಬ್ಬದ ದಿನ ಅವ್ವ ಬಾದಾಮಿಯ ಸಂತೆಯ ಮೆಣಸಿನಕಾಯಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಗುಡಿಗೆ ನಡೆದಳು. ತಂದೆಯವರು ಹೋಗಲಿಲ್ಲ. ಹಿತ್ತಿಲಲ್ಲಿ ಬರಿದಾದ ಮೆಣಸಿನ ಪಾತಿಗಳ ಮುಂದೆ ಕುಳಿತು ಅಷ್ಟೋತ್ತರ ಹೇಳುತ್ತಿದ್ದರು. ಎರಡೂ ಕೈಗಳನ್ನು ಹೊದ್ದ ಧೋತರದೊಳಗೆ ಅಡಗಿಸಿಕೊಂಡಿದ್ದರು.